ಸರ್ಟಿಫಿಕೇಟಿನ ಮೇಲಿನ ಶೇ. 50: ಬೌದ್ಧಿಕ ವಿಕಲತೆಯನ್ನು ಹೇಗೆ ಗುರುತಿಸುತ್ತಾರೆ?

ಕಳೆದ ಜೂನ್‌ನಲ್ಲಿ ಒಬ್ಬ ತಾಯಿ ಮಗನ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಹಾಕಿಕೊಂಡು ಶಾಲೆಗೆ ಬಂದಿದ್ದರು. ಹುಡುಗನಿಗೆ ಹತ್ತು ವರ್ಷ, ನಾಲ್ಕನೇ ಕ್ಲಾಸ್. ಸರ್ಟಿಫಿಕೇಟಿನಲ್ಲಿ ‘ಬೌದ್ಧಿಕ ವಿಕಲತೆ, ಶೇ. 50’ ಎಂದಿತ್ತು. ಅಮ್ಮ ಬೆಂಚಿನ ತುದಿಯಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು: ‘ಮೇಡಂ, ಹಂಗಂದ್ರೆ ನನ್ನ ಮಗನಿಗೆ ಅರ್ಧ ಬುದ್ಧಿ ಅಂತಾನಾ?’

ಅಲ್ಲವೇ ಅಲ್ಲ. ಆದರೆ ಅಷ್ಟು ಹೇಳಿದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಆ 50 ಎಲ್ಲಿಂದ ಬಂತು, ಯಾರು ಅಳೆದರು, ಅದರಿಂದ ಏನು ಸಿಗುತ್ತದೆ, ಏನು ಗೊತ್ತಾಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ವಿಶೇಷ ಶಿಕ್ಷಕಿಯಾಗಿ ಈ ಮಾತನ್ನು ನಾನು ಎಷ್ಟೋ ಮನೆಯವರ ಜೊತೆ ಆಡಿದ್ದೇನೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ದೇಶದಲ್ಲಿ ಈಗ ಇರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದಕ್ಕೂ ಮುಂಚೆ 1995ರ ಕಾಯ್ದೆ ಇತ್ತು. ಹಳೆಯ ಕಾಯ್ದೆಯ ಪ್ರಕಾರ ಇದು ‘ಮನಸ್ಸಿನ ಬೆಳವಣಿಗೆ ನಿಂತುಹೋದ ಅಥವಾ ಪೂರ್ತಿಯಾಗದ ಸ್ಥಿತಿ’. ಬುದ್ಧಿಮಟ್ಟ ಕಡಿಮೆ ಇರುವುದೇ ಅದರ ಮುಖ್ಯ ಲಕ್ಷಣ. ಅಲ್ಲಿ ಬುದ್ಧಿ ಬಿಟ್ಟರೆ ಬೇರೆ ಮಾತೇ ಇಲ್ಲ. ಹೊಸ ಕಾಯ್ದೆಯಲ್ಲಿ ಎರಡು ವಿಷಯ ಒಟ್ಟಿಗೆ ಬರುತ್ತವೆ. ಒಂದು, ಯೋಚಿಸುವುದು, ಕಲಿಯುವುದು, ಸಮಸ್ಯೆ ಬಿಡಿಸುವುದು ಇವುಗಳಲ್ಲಿ ಗಣನೀಯವಾದ ಕೊರತೆ. ಇನ್ನೊಂದು, ದಿನನಿತ್ಯದ ಬದುಕಿಗೆ, ಜನರ ಜೊತೆ ಬೆರೆಯುವುದಕ್ಕೆ, ಕೆಲಸಕಾರ್ಯಕ್ಕೆ ಬೇಕಾದ ಕೌಶಲಗಳಲ್ಲಿ ಕೊರತೆ. ಈ ಎರಡನೆಯದಕ್ಕೆ ‘ಹೊಂದಾಣಿಕೆಯ ನಡವಳಿಕೆ’ ಎನ್ನುತ್ತಾರೆ. ಎರಡೂ ಇರಬೇಕು. ಒಂದೇ ಇದ್ದರೆ ಸಾಲದು.

ಈ ಕ್ಷೇತ್ರದ ತಜ್ಞರು ಮೂರನೆಯದೊಂದನ್ನೂ ಸೇರಿಸುತ್ತಾರೆ: ಇದು ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡಿರಬೇಕು. ನಲವತ್ತನೇ ವಯಸ್ಸಿನಲ್ಲಿ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದು ನೆನಪು ಹೋದರೆ ಅದು ಬೌದ್ಧಿಕ ವಿಕಲತೆ ಅಲ್ಲ, ಅದರ ಹೆಸರೇ ಬೇರೆ. ಬೆಳೆಯುವ ವಯಸ್ಸು ಎಂದರೆ ಎಲ್ಲಿಯವರೆಗೆ? ಈ ವಿಷಯದಲ್ಲಿ ಜಗತ್ತು ಹೆಚ್ಚಾಗಿ ನೋಡುವ ಅಮೆರಿಕದ ಸಂಘವೊಂದಿದೆ. 1876ರಲ್ಲಿ ಶುರುವಾದದ್ದು. ಮೊದಲು ಅದು 18 ವರ್ಷ ಎನ್ನುತ್ತಿತ್ತು, 2021ರ ಕೈಪಿಡಿಯಲ್ಲಿ 22 ಎಂದು ಬದಲಿಸಿತು.

ಈಗ ಐಕ್ಯೂ, ಅಂದರೆ ಬುದ್ಧಿಮಟ್ಟದ ಅಂಕದ ವಿಷಯ. ಜನ ಹೆಚ್ಚು ಹೆದರುವುದೂ ಇದಕ್ಕೇ, ಹೆಚ್ಚು ನಂಬುವುದೂ ಇದನ್ನೇ. ಇದರ ಮೂಲ ಪ್ಯಾರಿಸ್‌ನಲ್ಲಿದೆ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಸಹಾಯ ಮಾಡಬೇಕು ಎಂದು ಫ್ರೆಂಚ್ ಸರ್ಕಾರ ಒಂದು ಸಮಿತಿ ಮಾಡಿತ್ತು. ಆ ಕೆಲಸಕ್ಕಾಗಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಒಂದು ಪರೀಕ್ಷೆ ಸಿದ್ಧಮಾಡಿದರು. ಬುದ್ಧಿ ಎನ್ನುವುದು ಹುಟ್ಟಿನಿಂದಲೇ ಗೊತ್ತಾದ ಅಳತೆ, ಅದು ಜಾಸ್ತಿಯಾಗುವುದಿಲ್ಲ ಎಂಬ ಮಾತನ್ನು ಬಿನೆ ಒಪ್ಪಲಿಲ್ಲ. ಅದರ ವಿರುದ್ಧ ಬರೆದರು ಕೂಡ. ಆದರೆ ಪರೀಕ್ಷೆ ಸಮುದ್ರ ದಾಟಿ ಅಮೆರಿಕಕ್ಕೆ ಹೋದಾಗ ಆ ಎಚ್ಚರಿಕೆ ಜೊತೆಗೆ ಹೋಗಲಿಲ್ಲ. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನ ತರಬೇತಿ ಶಾಲೆಯಲ್ಲಿದ್ದ ಹೆನ್ರಿ ಗೊಡಾರ್ಡ್ ಅದನ್ನು ಇಂಗ್ಲಿಷಿಗೆ ತಂದರು. ಅಂಕದ ಮೇಲೆ ಜನರನ್ನು ‘ಇಡಿಯಟ್’, ‘ಇಂಬೆಸೈಲ್’, ‘ಮೋರಾನ್’ ಎಂದು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದರು. ಇವು ಆಗ ವೈದ್ಯರು ಫೈಲಿನಲ್ಲಿ ಬರೆಯುತ್ತಿದ್ದ ಪದಗಳು. ಬೈಗುಳವಾದದ್ದು ಆಮೇಲೆ. ನಮ್ಮಲ್ಲೂ ಹಾಗೇ ಆಯಿತಲ್ವಾ? ‘ಬುದ್ಧಿಮಾಂದ್ಯ’ ಎನ್ನುವುದು ಸರ್ಕಾರಿ ಕಾಗದದ ಪದವಾಗಿತ್ತು. ಶಾಲೆಯ ಅಂಗಳದಲ್ಲಿ ಅದು ಕಲ್ಲಿನ ಹಾಗೆ ಮಕ್ಕಳ ಮೇಲೆ ಬಿತ್ತು. ಈಗ ‘ಬೌದ್ಧಿಕ ವಿಕಲತೆ’ ಎನ್ನುತ್ತೇವೆ. ಈ ಪದವಾದರೂ ಉಳಿಯಲಿ ಎಂಬುದು ನನ್ನ ಆಸೆ.

ಐಕ್ಯೂ ಪರೀಕ್ಷೆಯನ್ನು ಸಿದ್ಧಮಾಡುವಾಗಲೇ ಸರಾಸರಿ 100 ಬರುವ ಹಾಗೆ ಹೊಂದಿಸಿರುತ್ತಾರೆ. ಹೆಚ್ಚಿನ ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರಕ್ಕೆ ಸುಮಾರು ಎರಡು ಮಂದಿ. ಅಲ್ಲೇ ಗೆರೆ ಎಳೆದಿದ್ದಾರೆ. ಆದರೆ ಈ ಗೆರೆ ಪ್ರಕೃತಿ ಎಳೆದದ್ದಲ್ಲ, ಮನುಷ್ಯರು ಕೂತು ಎಳೆದದ್ದು. ಅದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. ಸುಮಾರು 1960ರ ಹೊತ್ತಿಗೆ ಆ ಅಮೆರಿಕನ್ ಸಂಘದ ಕೈಪಿಡಿಯಲ್ಲಿ ಗೆರೆ 85ರ ಹತ್ತಿರ ಇತ್ತು. ಅಂದರೆ ನೂರಕ್ಕೆ ಹದಿನಾರು ಜನ ಅದರ ಒಳಗೆ ಬೀಳುತ್ತಿದ್ದರು. 1973ರಲ್ಲಿ ಅದನ್ನು 70ಕ್ಕೆ ಇಳಿಸಿದರು. ಲಕ್ಷಾಂತರ ಜನ ಬೆಳಗಾಗುವುದರೊಳಗೆ ಪಟ್ಟಿಯಿಂದ ಹೊರಗೆ ಬಂದರು. ಅವರ ತಲೆಯಲ್ಲಿ ಏನೂ ಬದಲಾಗಿರಲಿಲ್ಲ, ಪುಸ್ತಕದಲ್ಲಿ ಒಂದು ಅಂಕಿ ಬದಲಾಗಿತ್ತು ಅಷ್ಟೇ. ಜೊತೆಗೆ ಪ್ರತಿ ಪರೀಕ್ಷೆಯಲ್ಲೂ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ. ಮಗುವಿಗೆ ಅಂದು ಜ್ವರ ಇರಬಹುದು, ಹೊಸ ಮುಖ ಕಂಡು ಹೆದರಿರಬಹುದು. 68 ಬಂದ ಮಗು, 72 ಬಂದ ಮಗು ಬೇರೆ ಬೇರೆ ಬಗೆಯ ಮಕ್ಕಳೇನಲ್ಲ.

ಇಲ್ಲಿ ಕನ್ನಡಿಗರು ತಿಳಿದುಕೊಳ್ಳಲೇಬೇಕಾದ ಒಂದು ವಿಷಯ ಇದೆ. ಇವತ್ತು ಭಾರತದ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಮಾಡುವ ಬುದ್ಧಿಮಟ್ಟದ ಪರೀಕ್ಷೆಗಳಲ್ಲಿ ತುಂಬಾ ಬಳಕೆಯಲ್ಲಿರುವುದು ‘ಬಿನೆ-ಕಾಮತ್ ಪರೀಕ್ಷೆ’. ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಆಗಿನ ಮುಂಬೈ ಕರ್ನಾಟಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವ ಹಾಗೆ ಮಾಡಿದರು. 1930ರ ದಶಕದ ಕೆಲಸ ಅದು. ಪರದೇಶದ ಪ್ರಶ್ನೆಗಳನ್ನು ಹಾಗೇ ಭಾಷಾಂತರಿಸಿದರೆ ನಮ್ಮ ಮಕ್ಕಳಿಗೆ ಅನ್ಯಾಯ ಆಗುತ್ತದೆ ಎಂದು ಅಷ್ಟು ಹಿಂದೆಯೇ ಒಬ್ಬರು ಯೋಚಿಸಿದರು. ನನಗೆ ಅದು ದೊಡ್ಡ ಮಾತು. ಆದರೆ ಅದೇ ಎಚ್ಚರ ಇವತ್ತೂ ಬೇಕು. ಮನೆಯಲ್ಲಿ ಲಂಬಾಣಿ ಭಾಷೆಯನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗುವನ್ನು ಕನ್ನಡದ ಪ್ರಶ್ನೆಗಳ ಮುಂದೆ ಕೂರಿಸಿದರೆ, ನಾವು ಅಳೆಯುತ್ತಿರುವುದು ಬುದ್ಧಿಯನ್ನೋ ಕನ್ನಡವನ್ನೋ? ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಪ್ರಶ್ನೆ ಕೋರ್ಟಿಗೆ ಹೋಗಿತ್ತು. ಕಪ್ಪು ಮಕ್ಕಳನ್ನು ಐಕ್ಯೂ ಅಂಕದ ಮೇಲೆ ವಿಶೇಷ ತರಗತಿಗೆ ಹಾಕಬಾರದು ಎಂದು 1979ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಪರೀಕ್ಷೆಗೆ ಹೋಗುವಾಗ ಮನೆಭಾಷೆ ಯಾವುದು ಎಂದು ನೀವಾಗಿಯೇ ಹೇಳಿ. ಕಿವಿ, ಕಣ್ಣು, ಥೈರಾಯ್ಡ್ ತಪಾಸಣೆ ಮೊದಲೇ ಮಾಡಿಸಿ. ಕಿವಿ ಸರಿಯಾಗಿ ಕೇಳದ ಮಗು ಎಷ್ಟೋ ಸಲ ‘ದಡ್ಡ’ ಅನ್ನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುತ್ತದೆ.

ಇನ್ನು ಎರಡನೆಯ ಭಾಗ, ಹೊಂದಾಣಿಕೆಯ ನಡವಳಿಕೆ. ಇದನ್ನು ತಜ್ಞರು ಮೂರು ಬಗೆಯಾಗಿ ನೋಡುತ್ತಾರೆ: ಓದುಬರಹ, ಲೆಕ್ಕ, ಹೊತ್ತು, ದುಡ್ಡು ಇವುಗಳ ತಿಳಿವಳಿಕೆ, ಜನರ ಜೊತೆಗಿನ ನಡವಳಿಕೆ, ಕೈಯಾರೆ ಮಾಡಿಕೊಳ್ಳುವ ಕೆಲಸ. ಹೇಳಿದರೆ ಒಣಒಣ ಅನ್ನಿಸುತ್ತದೆ. ಅದಕ್ಕೆ ನಾನು ಹೆತ್ತವರಿಗೆ ಹಾಲಿನ ಪ್ಯಾಕೆಟ್ ತರುವ ಕೆಲಸವನ್ನು ತೋರಿಸುತ್ತೇನೆ.

ಬೆಳಿಗ್ಗೆ ಹಾಲು ತರಬೇಕು. ಚಪ್ಪಲಿ ಹಾಕಿಕೊಳ್ಳಬೇಕು, ಚೀಲ ತಗೊಳ್ಳಬೇಕು, ರಸ್ತೆ ದಾಟಬೇಕು. ಇದು ಕೈಯಾರೆ ಮಾಡುವ ಕೆಲಸ. ಬೂತಿನ ಮುಂದೆ ನಾಲ್ಕು ಜನ ನಿಂತಿದ್ದರೆ ಹಿಂದೆ ನಿಲ್ಲಬೇಕು, ತನ್ನ ಸರದಿ ಬಂದಾಗ ಕೇಳುವ ಹಾಗೆ ಹೇಳಬೇಕು, ಯಾರೋ ಮುಂದೆ ನುಗ್ಗಿದರೆ ಅಳದೆ ‘ಅಣ್ಣಾ, ನಾನು ಮೊದ್ಲು ಬಂದಿದ್ದು’ ಅನ್ನಬೇಕು. ಇದು ಜನರ ಜೊತೆಗಿನ ನಡವಳಿಕೆ. ನಂದಿನಿಯ ಎಷ್ಟೋ ಬಣ್ಣದ ಪ್ಯಾಕೆಟ್‌ಗಳಲ್ಲಿ ಮನೆಗೆ ಬೇಕಾದ ನೀಲಿಯದನ್ನೇ ಕೇಳಬೇಕು, ಎಷ್ಟು ಕೊಟ್ಟೆ, ಎಷ್ಟು ವಾಪಸ್ ಬರಬೇಕು ಎಂದು ಲೆಕ್ಕ ಹಾಕಬೇಕು. ಇದು ತಿಳಿವಳಿಕೆ. ಹತ್ತು ನಿಮಿಷದ ಒಂದು ಕೆಲಸದಲ್ಲಿ ಮೂರೂ ಇವೆ. ಒಂದು ಮಗು ಎಲ್ಲಿ ತಡವರಿಸುತ್ತದೆ ಎಂದು ನೋಡಿದರೆ ಎಲ್ಲಿ ಕೈ ಹಿಡಿಯಬೇಕು ಎಂದು ಗೊತ್ತಾಗುತ್ತದೆ. 65 ಎಂಬ ಅಂಕದಿಂದ ಅದು ಗೊತ್ತಾಗುವುದಿಲ್ಲ.

ಇದನ್ನು ಅಳೆಯಲು ನಮ್ಮಲ್ಲಿ ಹೆಚ್ಚಾಗಿ ಬಳಸುವುದು ‘ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕ’. ಹೌದು, ಅದೇ ವೈನ್‌ಲ್ಯಾಂಡ್. ಅಂಕದ ಮೇಲೆ ಮಕ್ಕಳಿಗೆ ಹೆಸರು ಹಚ್ಚಿದ ಅದೇ ಶಾಲೆಯಲ್ಲಿ 1935ರಲ್ಲಿ ಎಡ್ಗರ್ ಡಾಲ್ ಎಂಬುವರು ಬೇರೆ ಪ್ರಶ್ನೆ ಕೇಳಿದರು: ಈ ವ್ಯಕ್ತಿ ದಿನದ ಬದುಕಿನಲ್ಲಿ ಏನು ಮಾಡಬಲ್ಲ? ಅದನ್ನು ಭಾರತಕ್ಕೆ ಹೊಂದಿಸಿದವರು ನಾಗಪುರದ ಎ. ಜೆ. ಮಾಲಿನ್. ಅದರಲ್ಲಿ 89 ಅಂಶಗಳಿವೆ. ಊಟ, ಬಟ್ಟೆ, ಓಡಾಟ, ಮಾತು, ಕೆಲಸ, ಬೆರೆಯುವಿಕೆ ಎಲ್ಲ ಬರುತ್ತವೆ. ಮಗುವಿಗೆ ಪರೀಕ್ಷೆ ಕೊಡುವುದಿಲ್ಲ, ಮನೆಯವರನ್ನು ಮಾತಾಡಿಸುತ್ತಾರೆ. ಬಂದ ಉತ್ತರದಿಂದ ‘ಸಾಮಾಜಿಕ ವಯಸ್ಸು’ ಕಂಡುಹಿಡಿದು, ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. ಹತ್ತು ವರ್ಷದ ಹುಡುಗನ ಸಾಮಾಜಿಕ ವಯಸ್ಸು ಆರು ಬಂದರೆ ಅಂಕ 60.

ಕೇಳುವವರ ಜಾಣ್ಮೆ ಇಲ್ಲಿ ತುಂಬಾ ಮುಖ್ಯ. ‘ಒಬ್ಬನೇ ಅಂಗಡಿಗೆ ಹೋಗ್ತಾನಾ?’ ಎಂದರೆ ಒಬ್ಬ ತಾಯಿ ‘ಹೂಂ, ಹೋಗ್ತಾನೆ’ ಎನ್ನುತ್ತಾರೆ. ಕೆದಕಿ ಕೇಳಿದರೆ, ಹೋಗುವ ಮೊದಲೇ ಅಂಗಡಿಯವರಿಗೆ ಫೋನ್ ಮಾಡಿರುತ್ತಾರೆ, ಕೈಯಲ್ಲಿ ಚೀಟಿ ಕೊಟ್ಟಿರುತ್ತಾರೆ, ಗೇಟಿನಲ್ಲಿ ನಿಂತು ನೋಡುತ್ತಿರುತ್ತಾರೆ. ಇನ್ನೊಬ್ಬ ತಾಯಿ ‘ಇಲ್ಲ’ ಎನ್ನುತ್ತಾರೆ. ಆದರೆ ಅವರು ಒಂದು ದಿನವೂ ಕಳಿಸಿಯೇ ಇಲ್ಲ. ನಾನು ಮೊದಲು ಹೇಳಿದ ತಾಯಿ ಈ ಎರಡನೆಯವರು. ಮನೆ ಮುಂದೆ ಲಾರಿ ಓಡಾಡುವ ರಸ್ತೆ, ಹೆದರಿ ಕಳಿಸಿರಲಿಲ್ಲ. ಬಾರದೇ ಇರುವುದು ಬೇರೆ, ಅವಕಾಶವೇ ಸಿಗದಿರುವುದು ಬೇರೆ. ಕಾಗದದ ಮೇಲೆ ಎರಡಕ್ಕೂ ಒಂದೇ ಅಂಕ.

ಈಗ ಆ 50ಕ್ಕೆ ಬರೋಣ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಲೆಕ್ಕ ಇದೆ. ವೈನ್‌ಲ್ಯಾಂಡ್ ಅಂಕ 55ರಿಂದ 69ರ ಒಳಗಿದ್ದರೆ ‘ಸೌಮ್ಯ’, ವಿಕಲತೆ ಶೇ. 50. ಅಂಕ 36ರಿಂದ 54 ಇದ್ದರೆ ‘ಮಧ್ಯಮ’, ಶೇ. 75. 21ರಿಂದ 35 ‘ತೀವ್ರ’, ಶೇ. 90. 20 ಮತ್ತು ಅದಕ್ಕಿಂತ ಕೆಳಗೆ ‘ಅತಿ ತೀವ್ರ’, ಶೇ. 100. 70ರಿಂದ 84ರವರೆಗೆ ‘ಗಡಿರೇಖೆ’, ಶೇ. 25. ಅಂದರೆ 57 ಬಂದರೂ 50, 68 ಬಂದರೂ 50. ಅದು ಬುದ್ಧಿಯ ಶೇಕಡಾವಾರು ಅಲ್ಲ, ಯಾವ ಸೌಲಭ್ಯ ಕೊಡಬೇಕು ಎಂದು ಗೊತ್ತುಮಾಡಲು ಸರ್ಕಾರ ಇಟ್ಟುಕೊಂಡ ಅಂಕಿ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾನೂನಿನ ಹಲವು ಹಕ್ಕುಗಳು ಸಿಗುತ್ತವೆ. ಆರರಿಂದ ಹದಿನೆಂಟು ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಮಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಅವುಗಳಲ್ಲಿ ಒಂದು. ‘ಅಮ್ಮಾ, ಇದು ಬಸ್ ಪಾಸ್ ಇದ್ದ ಹಾಗೆ, ಮಾರ್ಕ್ಸ್ ಕಾರ್ಡ್ ಅಲ್ಲ’ ಎಂದು ನಾನು ಆ ತಾಯಿಗೆ ಹೇಳಿದೆ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಕವರನ್ನು ಅವರು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. (ಈ ಮಾರ್ಗಸೂಚಿಯನ್ನು 2024ರಲ್ಲಿ ಪರಿಷ್ಕರಿಸಿದ್ದಾರೆ. ಹೊಸದಾಗಿ ಸರ್ಟಿಫಿಕೇಟ್ ಮಾಡಿಸುವವರು ಈಗಿನ ನಿಯಮವನ್ನು ಜಿಲ್ಲಾಸ್ಪತ್ರೆಯಲ್ಲಿ ಕೇಳಿಕೊಳ್ಳಿ.)

ನನಗೆ ಹೆಚ್ಚು ಸಂಕಟ ಆಗುವುದು ಆ ‘ಗಡಿರೇಖೆ’ ಮಕ್ಕಳನ್ನು ಕಂಡಾಗ. ಶೇ. 25 ಎಂದರೆ ಶೇ. 40 ಮುಟ್ಟಲಿಲ್ಲ. ಕ್ಲಾಸಿನಲ್ಲಿ ಬೇರೆಯವರ ಸಮಕ್ಕೆ ಬರುವುದಿಲ್ಲ, ಆದರೆ ಕಾನೂನಿನ ನೆರವೂ ಸಿಗುವುದಿಲ್ಲ. ಅವರಿಗೆ ಉಳಿಯುವುದು ತಾಳ್ಮೆ ಇರುವ ಒಬ್ಬ ಟೀಚರ್ ಮಾತ್ರ.

ಇನ್ನೊಂದು ತಪ್ಪು ತಿಳಿವಳಿಕೆ ‘ಮಾನಸಿಕ ವಯಸ್ಸು’. ‘ಇಪ್ಪತ್ತು ವರ್ಷ ಆದ್ರೂ ಆರು ವರ್ಷದ ಮಗು’ ಎಂದು ಹೇಳುವುದನ್ನು ಕೇಳಿರುತ್ತೀರಿ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದು ಸರಿಯಲ್ಲ. ಆ ಅಂಕಿ ಕೆಲವು ಪ್ರಶ್ನೆಗಳಿಗೆ ಬಂದ ಉತ್ತರದ ಲೆಕ್ಕ ಅಷ್ಟೇ. ಇಪ್ಪತ್ತು ವರ್ಷದ ಹುಡುಗಿಗೆ ಇಪ್ಪತ್ತು ವರ್ಷದ ಮೈ ಇದೆ, ಮುಟ್ಟು ಇದೆ, ನಾಚಿಕೆ ಇದೆ, ಇಷ್ಟ ಅನಿಷ್ಟ ಇದೆ, ಇಪ್ಪತ್ತು ವರ್ಷ ಬದುಕಿದ ಅನುಭವ ಇದೆ. ಅವಳಿಗೆ ‘ಎ ಫಾರ್ ಆಪಲ್’ ಚಾರ್ಟ್ ತೋರಿಸುತ್ತಾ ಕೂತರೆ ಅವಳ ವಯಸ್ಸಿಗೆ ಅವಮಾನ. ಬಸ್ಸಿನ ಬೋರ್ಡ್ ಓದುವುದು, ಮೊಬೈಲಿನಲ್ಲಿ ಅಮ್ಮನ ನಂಬರ್ ಹುಡುಕುವುದು, ಬೇಡವಾದ ಮುಟ್ಟುವಿಕೆಗೆ ‘ಬೇಡ’ ಎನ್ನುವುದು ಕಲಿಸಬೇಕು.

ಶಾಲೆಗಳು ತಮ್ಮದೇ ಒಂದು ವಿಂಗಡಣೆ ಮಾಡಿಕೊಂಡಿದ್ದವು. ಐಕ್ಯೂ 50ರಿಂದ 70ರವರು ‘ಶಿಕ್ಷಣ ಕೊಡಬಹುದಾದವರು’, ಅದಕ್ಕಿಂತ ಕೆಳಗಿನವರು ‘ತರಬೇತಿ ಕೊಡಬಹುದಾದವರು’, ಇನ್ನೂ ಕೆಳಗಿನವರು ಬರೀ ‘ಆರೈಕೆ ಬೇಕಾದವರು’. ಎಷ್ಟೋ ವರ್ಷ ನಮ್ಮ ಬಿ.ಎಡ್. ಪಾಠಗಳಲ್ಲೂ ಇದು ಇತ್ತು. ಕೇಳಲು ಸಲೀಸು. ಆದರೆ ಎರಡನೆಯ ಗುಂಪಿಗೆ ಹೋದ ಮಗುವಿಗೆ ಅಕ್ಷರ ಕಲಿಸಲು ಯಾರೂ ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಮೂರನೆಯ ಗುಂಪಿನ ಮಗುವಿಗೆ ಶಾಲೆಯೇ ಇರಲಿಲ್ಲ. ಕಲಿಸುವ ಮೊದಲೇ ಇಷ್ಟೇ ಕಲಿಯುತ್ತಾನೆ ಎಂದು ತೀರ್ಮಾನ ಮಾಡಿಬಿಡುತ್ತಿದ್ದರು. ಈ ಪದಗಳು ಹೋದದ್ದು ಒಳ್ಳೆಯದಾಯಿತು.

ಆ ಅಮೆರಿಕನ್ ಸಂಘ 1992ರಲ್ಲಿ ಪ್ರಶ್ನೆಯನ್ನೇ ತಿರುಗಿಸಿತು. ಮಗುವಿಗೆ ಎಷ್ಟು ಕೊರತೆ ಇದೆ ಎಂದು ಕೇಳುವ ಬದಲು ಎಷ್ಟು ಆಸರೆ ಬೇಕು ಎಂದು ಕೇಳಿತು. ಆಗೊಮ್ಮೆ ಈಗೊಮ್ಮೆ ಬೇಕಾದ ಆಸರೆ, ಸ್ವಲ್ಪ ಕಾಲದ ಮಟ್ಟಿಗೆ ಬೇಕಾದ ಆಸರೆ, ದಿನವೂ ಬೇಕಾದ ಆಸರೆ, ಹಗಲು ರಾತ್ರಿ ಎಲ್ಲ ಕಡೆ ಬೇಕಾದ ಆಸರೆ ಎಂದು ನಾಲ್ಕು ಮಟ್ಟ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ ಸೌಮ್ಯ, ಮಧ್ಯಮ ಎಂಬ ಮಟ್ಟಗಳನ್ನು ಐಕ್ಯೂ ಬಿಟ್ಟು ದಿನದ ಬದುಕಿನ ಮೇಲೆ ನಿರ್ಧರಿಸಲು ಶುರುಮಾಡಿತು. ಮೇಷ್ಟ್ರ ಕಣ್ಣಿಗೆ ಇದು ತುಂಬಾ ಉಪಯೋಗದ್ದು. ಒಂದೇ ಮಗುವಿಗೆ ಲೆಕ್ಕದಲ್ಲಿ ದಿನವೂ ಆಸರೆ ಬೇಕಿರಬಹುದು, ಬಟ್ಟೆ ಹಾಕಿಕೊಳ್ಳಲು ಏನೂ ಬೇಡದಿರಬಹುದು.

ನಮ್ಮ ದೇಶದ ವಿಶೇಷ ಶಾಲೆಗಳಲ್ಲಿ ತರಗತಿ ಹಾಕುವ ಕ್ರಮ ಹೆಚ್ಚಾಗಿ ಸಿಕಂದರಾಬಾದ್‌ನಲ್ಲಿ ಬೌದ್ಧಿಕ ವಿಕಲತೆ ಇರುವವರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆಯಿಂದ ಬಂದದ್ದು. 1984ರಲ್ಲಿ ಶುರುವಾದ ಸಂಸ್ಥೆ ಅದು. ಅವರ ಪರಿಶೀಲನಾ ಪಟ್ಟಿಯಲ್ಲಿ ಪೂರ್ವ ಪ್ರಾಥಮಿಕ, ಪ್ರಾಥಮಿಕ ಒಂದು, ಪ್ರಾಥಮಿಕ ಎರಡು, ಮಾಧ್ಯಮಿಕ, ಆಮೇಲೆ ವೃತ್ತಿಪೂರ್ವ ಹಂತಗಳಿವೆ. ಪಟ್ಟಿಯಲ್ಲಿರುವ ಕೆಲಸಗಳಲ್ಲಿ ಶೇ. 80 ಬಂದರೆ ಮಗು ಮುಂದಿನ ಹಂತಕ್ಕೆ ಹೋಗುತ್ತದೆ. ಐಕ್ಯೂ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸಾಮಾನ್ಯ ಶಾಲೆಯಲ್ಲಿ ಕಲಿಯುವ ಮಗುವಿಗೆ, ಅದರ ವಯಸ್ಸಿನ ಮಕ್ಕಳ ಜೊತೆ ಅದೇ ಕ್ಲಾಸಿನಲ್ಲಿ ಕೂರಿಸಿ, ಅದಕ್ಕೇ ಅಂತ ಒಂದು ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುತ್ತೇವೆ.

ಗೊಂದಲ ಆಗುವ ಒಂದು ಜಾಗ ಹೇಳಲೇಬೇಕು. 2016ರ ಕಾಯ್ದೆಯಲ್ಲಿ ‘ಬೌದ್ಧಿಕ ವಿಕಲತೆ’ ಎಂಬ ಒಂದೇ ತಲೆಬರಹದ ಕೆಳಗೆ ನಿರ್ದಿಷ್ಟ ಕಲಿಕಾ ವಿಕಲತೆ ಮತ್ತು ಆಟಿಸಂ ಕೂಡ ಇವೆ. ಆದರೆ ಕ್ಲಾಸಿನಲ್ಲಿ ಇವು ಮೂರೂ ಬೇರೆ ಬೇರೆ. ಓದುವಾಗ ಅಕ್ಷರ ಕಲಸಿಹೋಗುವ, ಆದರೆ ಮಿಕ್ಕದ್ದರಲ್ಲೆಲ್ಲ ಚುರುಕಾಗಿರುವ ಮಗುವಿನದು ಕಲಿಕಾ ವಿಕಲತೆ. ಆಟಿಸಂ ಇರುವ ಮಗುವಿಗೆ ಬುದ್ಧಿಮಟ್ಟ ಕಡಿಮೆ ಇರಬಹುದು, ಸರಾಸರಿ ಇರಬಹುದು, ಜಾಸ್ತಿಯೂ ಇರಬಹುದು. ಮಾನಸಿಕ ಕಾಯಿಲೆ ಅಂತೂ ಪೂರ್ತಿ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಅದನ್ನು ಸ್ಪಷ್ಟವಾಗಿ ಬೇರೆ ಮಾಡಿದೆ. ಐದು ವರ್ಷದ ಒಳಗಿನ ಮಕ್ಕಳಿಗೆ ಬೌದ್ಧಿಕ ವಿಕಲತೆ ಎಂದು ಬರೆಯುವುದೂ ಇಲ್ಲ, ‘ಬೆಳವಣಿಗೆಯಲ್ಲಿ ವಿಳಂಬ’ ಎನ್ನುತ್ತಾರೆ. ಆ ವಯಸ್ಸಿನಲ್ಲಿ ಬದಲಾವಣೆಗೆ ಇನ್ನೂ ತುಂಬಾ ಜಾಗ ಇರುತ್ತದೆ.

1970ರಲ್ಲಿ ಅಮೆರಿಕದ ಅಧ್ಯಕ್ಷರ ಸಮಿತಿಯೊಂದು ಒಂದು ವಿಚಿತ್ರವನ್ನು ಎತ್ತಿ ಹೇಳಿತು. ಕೆಲವು ಮಕ್ಕಳು ದಿನಕ್ಕೆ ಆರು ಗಂಟೆ, ಅಂದರೆ ಶಾಲೆಯಲ್ಲಿರುವಷ್ಟು ಹೊತ್ತು ಮಾತ್ರ ಹಿಂದುಳಿದವರು. ಮನೆಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ, ಅಂಗಡಿಗೆ ಹೋಗುತ್ತಾರೆ, ಬೀದಿಯಲ್ಲಿ ಎಲ್ಲರ ಹಾಗೇ ಇರುತ್ತಾರೆ. ಅಂಥ ಮಕ್ಕಳಿಗೆ ಬೌದ್ಧಿಕ ವಿಕಲತೆ ಎಂಬ ಹೆಸರು ಸರಿಯಾ? ನಡವಳಿಕೆಯನ್ನೂ ನೋಡಲೇಬೇಕು ಎಂಬ ನಿಯಮ ಗಟ್ಟಿಯಾಗಿ ಉಳಿಯಲು ಇಂಥ ಮಕ್ಕಳೂ ಕಾರಣ. ನಮ್ಮ ಹಳ್ಳಿ ಶಾಲೆಗಳಲ್ಲಿ ನಾನು ಇವರನ್ನು ನೋಡುತ್ತಲೇ ಇರುತ್ತೇನೆ.

ಸರ್ಟಿಫಿಕೇಟ್ ತಂದಿದ್ದ ಆ ತಾಯಿಯ ಮಗನ ಶಿಕ್ಷಣ ಯೋಜನೆಯಲ್ಲಿ ಬರೆದ ಮೊದಲ ಗುರಿ ಹೀಗಿತ್ತು: ‘ಮನೆಯಿಂದ ಬೂತಿಗೆ ಹೋಗಿ, ಸರದಿಯಲ್ಲಿ ನಿಂತು, ನೀಲಿ ಪ್ಯಾಕೆಟ್ ಕೇಳಿ ತರುತ್ತಾನೆ. 10 ಸಲದಲ್ಲಿ 8 ಸಲ ಸಹಾಯವಿಲ್ಲದೆ.’ ಮೊದಲ ವಾರ ಅಮ್ಮ ಕೈ ಹಿಡಿದು ಹೋದರು. ಎರಡನೇ ವಾರ ನಾಲ್ಕು ಹೆಜ್ಜೆ ಹಿಂದೆ. ಆಮೇಲೆ ರಸ್ತೆ ದಾಟಿಸಿ ಅಲ್ಲೇ ನಿಂತರು. ಖಾಲಿ ಪ್ಯಾಕೆಟ್ ಒಂದನ್ನು ತೊಳೆದು ಅವನ ಚೀಲದಲ್ಲಿ ಇಟ್ಟಿದ್ದೆವು, ಮರೆತರೆ ತೋರಿಸಲಿ ಅಂತ. ದಸರಾ ರಜೆಗೆ ಮುಂಚೆ ಅಮ್ಮ ತಂದುಕೊಟ್ಟ ಹಾಳೆಯಲ್ಲಿ 9 ಟಿಕ್ ಇದ್ದವು. ಒಂದು ದಿನ ಹಸಿರು ಪ್ಯಾಕೆಟ್ ತಂದಿದ್ದನಂತೆ, ಅವತ್ತು ನೀಲಿ ಮುಗಿದುಹೋಗಿತ್ತು. ಇದಕ್ಕೆ ತಪ್ಪು ಹಾಕಲಾ ಸರಿ ಹಾಕಲಾ ಎಂದು ಅಮ್ಮ ಕೇಳಿದರು. ಇಬ್ಬರೂ ಯೋಚಿಸಿ ಸರಿ ಹಾಕಿದೆವು. ಚಿಲ್ಲರೆ ಎಣಿಸುವುದು ಇನ್ನೂ ಬಂದಿಲ್ಲ. ಎರಡನೆಯ ಗುರಿಯ ಜಾಗದಲ್ಲಿ ಅದನ್ನು ಬರೆದಿದ್ದೇವೆ.